ಧಾರೆಯ ಫೋಟೋ

ಬೆಂಗಳೂರಿನ ಕ್ಯಾಮೆರಾ ಅಂಗಡಿಯ ಗಾಜಿನ ಮೇಜಿನ ಮೇಲೆ ಎರಡು ಕ್ಯಾಮೆರಾಗಳಿದ್ದವು. ಭಾನುಪ್ರಕಾಶ್ ಒಂದನ್ನು ಎತ್ತಿ ಕಣ್ಣಿಗೆ ಹಿಡಿದು ನೋಡುತ್ತಿದ್ದ, ಕೆಳಗಿಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದ. ಅಂಗಡಿಯವನು ಆಗಲೇ ಎರಡು ಸಲ ಟೀ ತರಿಸಿದ್ದ. ಜೊತೆಗೆ ಬಂದಿದ್ದ ವಿಜಯ್‌ಗೆ ಕಾಲು ನೋಯತೊಡಗಿತ್ತು. ಇಬ್ಬರೂ ಸೇರಿ ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡ್ ಹಿಂದಿನ ರಸ್ತೆಯಲ್ಲಿ ಒಂದು ಸ್ಟುಡಿಯೋ ನಡೆಸುತ್ತಿದ್ದರು. ಮದುವೆ ಫೋಟೋಗಳೇ ಅವರ ಕಸುಬು. ಇದ್ದ ಹಳೆಯ ಕ್ಯಾಮೆರಾವನ್ನು ವಿಜಯ್‌ಗೆ ಬಿಟ್ಟುಕೊಟ್ಟು ಭಾನುಪ್ರಕಾಶ್ ತನಗೊಂದು ಹೊಸದು ಕೊಳ್ಳಲು ಬಂದಿದ್ದ.

“ಗುರು, ಈ ದಪ್ಪಂದೇ ತಗೊ,” ಎಂದ ವಿಜಯ್. “ಇದಕ್ಕೆ ಎರಡು ಮೆಮೊರಿ ಕಾರ್ಡ್ ಹಾಕ್ಬೋದು. ತೆಗ್ದಿದ್ದೆಲ್ಲ ಎರಡರಲ್ಲೂ ಕೂತ್ಕೊಳ್ಳುತ್ತೆ. ಒಂದು ಕೈಕೊಟ್ರೂ ಇನ್ನೊಂದು ಇರುತ್ತೆ.”

“ಕಲ್ಲು ಇದ್ದಂಗಿದೆ ಕಣೋ ಇದು. ಬೆಳಿಗ್ಗೆಯಿಂದ ಸಂಜೆ ತನಕ ಕುತ್ತಿಗೆಗೆ ನೇತಾಕ್ಕೊಂಡು ನಿಲ್ಲೋನು ನಾನು. ಅಲ್ದೆ ಮಾಡೆಲ್ಲೂ ಹಳೇದಾಯ್ತು.”

“ಆದ್ರೆ ಅದಕ್ಕೆ ಒಂದೇ ಕಾರ್ಡು.”

“ಇಷ್ಟು ವರ್ಷ ಒಂದೇ ಕಾರ್ಡಲ್ಲೇ ತೆಗ್ದಿದ್ದೀವಲ್ಲೋ. ಯಾವತ್ತಾದ್ರೂ ಏನಾದ್ರೂ ಆಗಿದ್ಯಾ?”

ಆಗಿರಲಿಲ್ಲ. ಹೊಸ ಮಾಡೆಲ್ಲಿನ ಇನ್ನೊಂದು ಕ್ಯಾಮೆರಾ ಅಂಗೈಯಲ್ಲಿ ಹಗುರವಾಗಿ ಕೂರುತ್ತಿತ್ತು. ಮಂದ ಬೆಳಕಿನಲ್ಲೂ ಫ್ಲ್ಯಾಷ್ ಇಲ್ಲದೆ ತೆಗೆಯುತ್ತಿತ್ತು, ಒತ್ತಿದರೆ ಸದ್ದೇ ಬರುತ್ತಿರಲಿಲ್ಲ. ಇನ್ನೊಂದು ಕಾರಣವೂ ಇತ್ತು, ಅದನ್ನು ಭಾನುಪ್ರಕಾಶ್ ಬಾಯಿಬಿಟ್ಟು ಹೇಳಲಿಲ್ಲ. ಈಗೀಗ ಮದುವೆ ಹೆಣ್ಣುಗಳು ಬುಕ್ ಮಾಡುವ ಮೊದಲೇ “ಅಣ್ಣ, ಯಾವ ಕ್ಯಾಮೆರಾ ನಿಮ್ದು?” ಎಂದು ಕೇಳುತ್ತಿದ್ದರು. ಹಳೆಯ ಹೆಸರು ಹೇಳುವಾಗ ಅವನಿಗೆ ನಾಚಿಕೆಯಾಗುತ್ತಿತ್ತು.

ಹಗುರವಾದದ್ದನ್ನೇ ಕೊಂಡ.

ಫಿಲ್ಮ್ ರೋಲಿನ ಕೊನೆಯ ಕಾಲವನ್ನು ಭಾನುಪ್ರಕಾಶ್ ಕಂಡಿದ್ದ. ಹುಡುಗನಾಗಿದ್ದಾಗ ಚಿಕ್ಕಪ್ಪನ ಜೊತೆ ಮದುವೆಗಳಿಗೆ ಹೋಗುತ್ತಿದ್ದ. ಚಿಕ್ಕಪ್ಪ ಒಂದು ಗುಂಡಿ ಒತ್ತುವ ಮೊದಲು ಎಲ್ಲರನ್ನೂ ನಿಲ್ಲಿಸಿ, ಸರಿಸಿ, ತಲೆ ಎತ್ತಿಸಿ, ಉಸಿರು ಬಿಗಿಹಿಡಿದು ಒತ್ತುತ್ತಿದ್ದ. ಒಂದು ರೋಲು ಹಾಳಾದರೆ ಊಟದ ಪಂಕ್ತಿಯೋ ನಲುಗಿನ ಶಾಸ್ತ್ರವೋ ಹೋಗುತ್ತಿತ್ತು, ಮದುವೆ ಉಳಿಯುತ್ತಿತ್ತು. ಡಿಜಿಟಲ್ ಬಂದ ಹೊಸದರಲ್ಲೂ ಕಾರ್ಡುಗಳು ಚಿಕ್ಕವು, ಒಂದು ಮದುವೆಗೆ ನಾಲ್ಕಾರು ಬದಲಾಯಿಸಬೇಕಿತ್ತು. ಈಗ ಹಾಗಿಲ್ಲ. ಎರಡು ಮದುವೆ ಪೂರ್ತಿ ಉಗುರಗಲದ ಒಂದು ಕಾರ್ಡಿನಲ್ಲಿ ಹಿಡಿಸುತ್ತಿತ್ತು. ಬದಲಾಯಿಸುವ ಕೆಲಸವೇ ತಪ್ಪಿತೆಂದು ಅವನು ಖುಷಿಪಟ್ಟಿದ್ದ.

ಆ ವೈಶಾಖದಲ್ಲಿ ಬೈರಣ್ಣನ ಮಗಳ ಮದುವೆ ಬಂತು. ಬೈರಣ್ಣ ಮಾಕಳಿದುರ್ಗದ ಕಡೆಯ ರೈತ. ಹೂವು ಬೆಳೆಯುತ್ತಿದ್ದ, ಡೇರಿಗೆ ಹಾಲು ಹಾಕುತ್ತಿದ್ದ. ಮಗಳು ಧನುಶ್ರೀ ದಾಬಸ್‌ಪೇಟೆಯ ಒಂದು ಗೋಡೌನಿನ ಆಫೀಸಿನಲ್ಲಿ ಕೆಲಸಕ್ಕಿದ್ದಳು. ಗಂಡೂ ಅಲ್ಲಿಯವನೇ. ಮುಂಚಿನ ಸಂಜೆ ಆರತಕ್ಷತೆ, ಮಾರನೆಯ ಬೆಳಿಗ್ಗೆ ಮುಹೂರ್ತ, ಎರಡೂ ದೊಡ್ಡಬಳ್ಳಾಪುರದ ಕಲ್ಯಾಣ ಮಂಟಪದಲ್ಲಿ. ಆರತಕ್ಷತೆಯನ್ನು ವಿಜಯ್ ತನ್ನ ಹಳೆಯ ಕ್ಯಾಮೆರಾದಲ್ಲಿ ತೆಗೆದ. ಮುಹೂರ್ತದ ದಿನ ಅವನಿಗೆ ದೇವನಹಳ್ಳಿಯಲ್ಲಿ ಬೇರೆ ಮದುವೆಯಿತ್ತು, ಅದಕ್ಕೆ ಭಾನುಪ್ರಕಾಶ್ ಒಬ್ಬನೇ ನಿಂತ. ಉದ್ದದ ವಿಡಿಯೋ ಬೇಡ, ನೋಡೋರು ಯಾರು, ಫೋಟೋ ಚೆನ್ನಾಗಿರಲಿ ಸಾಕು ಎಂದು ಧನುಶ್ರೀಯೇ ಹೇಳಿದ್ದಳು.

ಈಚಿನ ಮದುವೆಗಳಲ್ಲಿ ಅವನಿಗಿದ್ದ ದೊಡ್ಡ ತಲೆನೋವೆಂದರೆ ಜನರ ಫೋನುಗಳು. ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಹತ್ತಾರು ಕೈಗಳು ಮೇಲೇಳುತ್ತಿದ್ದವು. ಹೆಣ್ಣಿನ ಮುಖದ ಬದಲು ಫೋನಿನ ಕವರುಗಳೇ ಫೋಟೋದಲ್ಲಿ ಬೀಳುತ್ತಿದ್ದವು. ಅದಕ್ಕೆ ಅವನು ಒಂದು ಫಲಕ ಮಾಡಿಸಿದ್ದ: “ದಯವಿಟ್ಟು ಮುಹೂರ್ತದ ವೇಳೆ ಮೊಬೈಲ್ ಹೊರತೆಗೆಯಬೇಡಿ. ನಿಮ್ಮ ನೆನಪುಗಳು ನಮ್ಮ ಜವಾಬ್ದಾರಿ.” ಮಂಟಪದ ಬಾಗಿಲಲ್ಲಿ ಅದನ್ನು ನಿಲ್ಲಿಸಿದ. ಬೈರಣ್ಣನೂ ಮೈಕಿನಲ್ಲಿ ಹೇಳಿದ: “ಎಲ್ರೂ ಫೋನ್ ಜೇಬಲ್ಲಿಟ್ಕೊಳ್ರಪ್ಪ. ನಮ್ ಭಾನು ಒಳ್ಳೊಳ್ಳೆವು ತೆಗ್ದು ಎಲ್ರಿಗೂ ಕಳಿಸ್ತಾನೆ.” ಜನ ನಕ್ಕರು, ಮಾತು ಕೇಳಿದರು.

ಧಾರೆ ನಡೆಯುವಾಗ ಒಂದು ಸಣ್ಣ ಗಲಾಟೆಯಾಯಿತು. ಹೆಣ್ಣು ಗಂಡು ತೆಂಗಿನಕಾಯಿ ಹಿಡಿದು ನಿಂತಿದ್ದರು. ನೆಂಟರು ಒಬ್ಬೊಬ್ಬರಾಗಿ ಬಂದು ಅದರ ಮೇಲೆ ಹಾಲು ಎರೆಯುತ್ತಿದ್ದರು. ಬೈರಣ್ಣನ ತಾಯಿ ಮಾರಕ್ಕ ಕಂಬದ ಹಿಂದೆ ಕುರ್ಚಿ ಹಾಕಿಕೊಂಡು ಕೂತಿದ್ದಳು. ಮಂಡಿ ನೋವೆಂದು ಹಿಂದಿನ ದಿನ ಆರತಕ್ಷತೆಗೆ ಅವಳು ಬಂದಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಯಾವ ಮದುವೆಯಲ್ಲೂ ಮಂಟಪ ಹತ್ತಿದವಳಲ್ಲ.

“ಅಜ್ಜಿ ಎಲ್ಲಿ?” ಎಂದಳು ಧನುಶ್ರೀ. “ಅಜ್ಜಿ ಹಾಲು ಬಿಡ್ದೆ ನಾನು ಇಲ್ಲಿಂದ ಕದಲಲ್ಲ.”

ಯಾರೋ ಹಿರಿಯರು ಗೊಣಗಿದರು. ಪುರೋಹಿತರು ತಲೆ ತಗ್ಗಿಸಿ ಹೂವು ಸರಿಪಡಿಸತೊಡಗಿದರು. ಕೊನೆಗೆ ಬೈರಣ್ಣನೇ ಹೋಗಿ ತಾಯಿಯ ರಟ್ಟೆ ಹಿಡಿದು ಕರೆತಂದ. ಹಸಿರು ರೇಷ್ಮೆ ಸೀರೆ ಉಟ್ಟಿದ್ದ ಮಾರಕ್ಕ ಹಾಲಿನ ಚೊಂಬನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಭಾನುಪ್ರಕಾಶ್ ಮುಂದಕ್ಕೆ ಬಗ್ಗಿದ. ಅಷ್ಟರಲ್ಲಿ ಪಕ್ಕದಿಂದ ಒಂದು ಫೋನು ಅಡ್ಡ ಬಂತು. ಧನುಶ್ರೀಯ ಚಿಕ್ಕಪ್ಪನ ಮಗಳು, ಕಾಲೇಜು ಓದುತ್ತಿದ್ದ ಸಿಂಧು, ಆಸೆ ತಡೆಯಲಾರದೆ ಅಜ್ಜಿಯ ಫೋಟೋ ತೆಗೆಯಲು ನುಗ್ಗಿದ್ದಳು.

“ಫೋನ್ ಕೆಳಗಿಡಮ್ಮ. ಅಡ್ಡ ಬರ್ತಿದೆ.”

“ಒಂದೇ ಒಂದು ಅಣ್ಣ.”

“ನಾನು ತೆಗೀತಿದ್ದೀನಲ್ಲ. ಹಿಂದಕ್ಕೋಗು.”

ಸಿಂಧು ಮುಖ ಚಿಕ್ಕದು ಮಾಡಿಕೊಂಡು ಹಿಂದೆ ಸರಿದಳು. ಭಾನುಪ್ರಕಾಶ್ ಗುಂಡಿ ಒತ್ತಿಯೇ ಒತ್ತಿದ.

ಸಂಜೆ ಸ್ಟುಡಿಯೋಗೆ ಬಂದು ಕಾರ್ಡನ್ನು ಕಂಪ್ಯೂಟರಿಗೆ ಹಾಕಿದ. ಕಾರ್ಡು ಖಾಲಿಯೂ ಅಲ್ಲ, ತುಂಬಿಯೂ ಇಲ್ಲ. ಇದನ್ನು ಓದಲಾಗುತ್ತಿಲ್ಲ, ಫಾರ್ಮ್ಯಾಟ್ ಮಾಡಲೇ ಎಂದು ಕಂಪ್ಯೂಟರ್ ಕೇಳಿತು. ತೆಗೆದು ಬಟ್ಟೆಯಲ್ಲಿ ಒರೆಸಿ ಮತ್ತೆ ಹಾಕಿದ. ಅದನ್ನೇ ಕೇಳಿತು. ಕ್ಯಾಮೆರಾಗೇ ಹಾಕಿ ನೋಡಿದ. ಅಲ್ಲೂ ಏನಿಲ್ಲ. ದೇವನಹಳ್ಳಿಯಿಂದ ಬಂದ ವಿಜಯ್ ತನಗೆ ಗೊತ್ತಿದ್ದ ಸಾಫ್ಟ್‌ವೇರುಗಳನ್ನೆಲ್ಲ ಓಡಿಸಿದ. ಒಂದು ಫೋಟೋವೂ ಬರಲಿಲ್ಲ. ಮಾರನೆಯ ದಿನ ಬೆಂಗಳೂರಿನಲ್ಲಿ ಇಂಥದ್ದನ್ನೇ ರಿಪೇರಿ ಮಾಡುವವನೊಬ್ಬನಿಗೆ ಕೊಟ್ಟರು. ಅವನು ಭೂತಗನ್ನಡಿಯಲ್ಲಿ ನೋಡಿ, ಒಳಗಿನ ಚಿಪ್ಪೇ ಹೋಗಿರಬೇಕು, ಲ್ಯಾಬಿಗೆ ಕಳಿಸುತ್ತೇನೆ, ಗ್ಯಾರಂಟಿ ಕೊಡಲ್ಲ ಎಂದ.

ವಾಪಸು ಬರುವಾಗ ವಿಜಯ್ ಹೇಳಿದ: “ಇವತ್ತೇ ಹೋಗಿ ಹೇಳ್ಬಿಡೋಣ ಗುರು. ಬೈತಾರೆ, ಬೈಸ್ಕೊಳ್ಳೋಣ. ಹೆಣ್ಣುಗಂಡು ಇಲ್ಲೇ ಇದ್ದಾರೆ, ನೆಂಟರೂ ಹತ್ರದೋರೇ. ಇನ್ನೊಂದ್ಸಲ ಅದೇ ಸೀರೆ ಉಡ್ಸಿ, ನಿಲ್ಸಿ, ನಮ್ ಖರ್ಚಲ್ಲೇ ತೆಗ್ದುಕೊಡೋಣ.”

“ಮದುವೆ ಅಂದ್ರೆ ನಾಟಕನೇನೋ, ಇನ್ನೊಂದು ಶೋ ಮಾಡೋಕೆ?” ಎಂದ ಭಾನುಪ್ರಕಾಶ್. “ಲ್ಯಾಬಿಂದ ಬರ್ಲಿ. ಬಂದ್ರೆ ಹೇಳೋ ಅವಶ್ಯಕತೇನೇ ಇರಲ್ಲ.”

ಲ್ಯಾಬಿನಿಂದ ಬರಲಿಲ್ಲ. ಬೈರಣ್ಣನ ಫೋನುಗಳು ಬಂದವು. “ಕಲರ್ ಕೆಲಸ ನಡೀತಿದೆ ಅಣ್ಣ,” ಎನ್ನುತ್ತಿದ್ದ ಭಾನುಪ್ರಕಾಶ್. “ಆಲ್ಬಮ್ ಡಿಸೈನಿಗೆ ಕಳ್ಸಿದ್ದೀನಿ.” ಬೈರಣ್ಣ ಒಂದು ದಿನವೂ ದನಿ ಏರಿಸಲಿಲ್ಲ. “ಆಗ್ಲಪ್ಪ, ನಿಧಾನಕ್ಕೆ ಚೆನ್ನಾಗಿ ಮಾಡು,” ಎನ್ನುತ್ತಿದ್ದ. ಅದು ಭಾನುಪ್ರಕಾಶನಿಗೆ ಬೈಗುಳಕ್ಕಿಂತ ಕಷ್ಟವಾಗುತ್ತಿತ್ತು. ಆಮೇಲಾಮೇಲೆ ಆ ನಂಬರು ಕಂಡರೆ ಫೋನನ್ನು ಮಗುಚಿ ಇಡತೊಡಗಿದ.

ಒಂದು ಬೆಳಿಗ್ಗೆ ಬೈರಣ್ಣ ತಾಯಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಕಣ್ಣಿನ ಆಸ್ಪತ್ರೆಗೆ ಬಂದವನು, ಅದು ಮುಗಿದ ಮೇಲೆ ಸ್ಟುಡಿಯೋ ಮುಂದೆ ನಿಲ್ಲಿಸಿದ. ಮಾರಕ್ಕನ ಎಡಗಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿತ್ತು. ಆಪರೇಷನ್ನಿಗೆ ಅವಳು ಒಪ್ಪಿರಲಿಲ್ಲ.

“ಬೂಸ ತಗೊಂಡು ಬತ್ತೀನಿ. ಅಲ್ಲಿಗಂಟ ನಮ್ಮವ್ವ ಇಲ್ಲಿ ಕೂತಿರ್ಲಿ ಭಾನು,” ಎಂದು ಹೇಳಿ ಹೋದ.

ಸ್ಟುಡಿಯೋದಲ್ಲಿ ಫೋಟೋ ತೆಗೆಸಿಕೊಳ್ಳುವವರಿಗೆಂದೇ ಇದ್ದ ಸ್ಟೂಲಿನ ಮೇಲೆ ಮಾರಕ್ಕ ಕೂತಳು. ಹಿಂದೆ ನೀಲಿ ಪರದೆ, ಪಕ್ಕದಲ್ಲಿ ಲೈಟು.

“ಎಲ್ಲಪ್ಪಾ, ನಮ್ ದನು ಮದ್ವೆ ಪಟ ತೋರ್ಸು.”

ಭಾನುಪ್ರಕಾಶ್ ಕಂಪ್ಯೂಟರಿನಲ್ಲಿ ಆರತಕ್ಷತೆಯ ಫೋಟೋಗಳನ್ನು ತೋರಿಸಿದ. ಮಾರಕ್ಕ ಬಲಗಣ್ಣನ್ನು ಪರದೆಯ ಹತ್ತಿರಕ್ಕೆ ತಂದು ಒಂದೊಂದೇ ಮುಖವನ್ನು ಗುರುತಿಸಿದಳು. ಮೊಮ್ಮಗಳ ಒಡವೆ ನೋಡಿ ನಕ್ಕಳು. ಆಮೇಲೆ ಕೇಳಿದಳು:

“ನಾನೆಲ್ಲಿವ್ನಿ?”

“ನೀವು ಮುಹೂರ್ತದಲ್ಲಿದ್ದೀರ ಅಜ್ಜಿ. ಅವು... ಅವು ಇನ್ನೂ ರೆಡಿಯಾಗಿಲ್ಲ.”

“ಆಲು ಬುಡೋದು ಬಂದೈತಾ?”

“ಬಂದಿದೆ.”

“ಎಲ್ರೂ ಒಂತರಾ ನೋಡ್ತಿದ್ರು ಕಣಪ್ಪ, ಮುಂಡೆ ಬಂದು ಆಲು ಬುಡ್ತಾಳೆ ಅಂತ. ನಾನೂ ಬ್ಯಾಡ ಅಂದೆ. ಅವ್ಳು ಕೇಳ್ಳಿಲ್ಲ.” ಮಾರಕ್ಕ ಸೆರಗಿನಿಂದ ಬಾಯಿ ಒರೆಸಿಕೊಂಡಳು. “ಅದೊಂದ್ ಪಟ ನಂಗ್ ಕೊಡು. ಗೋಡೇಗ್ ಆಕ್ಕೊತೀನಿ.”

ವಿಜಯ್ ಮೂಲೆಯಲ್ಲಿ ನಿಂತು ಕೇಳುತ್ತಿದ್ದ. ಅವನು ಲೈಟಿನ ಸ್ವಿಚ್ಚಿಗೆ ಕೈ ಹಾಕಿ, “ಅಜ್ಜಿ, ಹೆಂಗೂ ಇಲ್ಲೇ ಕೂತಿದ್ದೀರ. ಈಗ್ಲೇ ಒಂದು ತೆಗ್ದುಬಿಡ್ಲಾ?” ಎಂದ.

“ಈ ಸೀರೇಲಾ?” ಮಾರಕ್ಕ ತನ್ನ ಮಾಸಿದ ನೂಲಿನ ಸೀರೆ ನೋಡಿಕೊಂಡಳು. “ಬ್ಯಾಡ ಬುಡಪ್ಪ. ಮದ್ವೇದೇ ಐತಲ್ಲ. ಅವತ್ತು ರೇಸ್ಮೆ ಸೀರೆ ಉಟ್ಟಿದ್ದೆ.”

ವಿಜಯ್ ಭಾನುಪ್ರಕಾಶನ ಮುಖ ನೋಡಿದ. ಒಂದು ಮಾತು ಸಾಕಿತ್ತು. ಇರಲಿ ಅಜ್ಜಿ, ಇದೂ ಒಂದಿರಲಿ ಎಂದಿದ್ದರೂ ಅವಳು ಕೂರುತ್ತಿದ್ದಳು. ಆದರೆ ಹಾಗಂದರೆ ಅದು ಯಾಕೆ ಎಂದು ಅವಳು ಕೇಳಿಯಾಳು, ಬೈರಣ್ಣ ಕೇಳಿಯಾನು ಎಂದು ಭಾನುಪ್ರಕಾಶನಿಗೆ ಹೆದರಿಕೆಯಾಯಿತು. “ಬೇಡ ಅಂದ್ರೆ ಬಿಡೋ,” ಎಂದು ವಿಜಯ್‌ಗೆ ಹೇಳಿ, ಅಜ್ಜಿಗೆ ಕಾಫಿ ತರಿಸಿದ. ಬೈರಣ್ಣ ಬಂದ. ಮಾರಕ್ಕ ಮಗನ ಹೆಗಲು ಹಿಡಿದು ಬೈಕು ಹತ್ತಿ ಹೋದಳು.

ಆಷಾಢದಲ್ಲಿ ಅವಳಿಗೆ ಜ್ವರ ಬಂತು. ಎರಡು ದಿನ ಗಂಜಿ ಕುಡಿದಳು, ಆಮೇಲೆ ಅದನ್ನೂ ಬಿಟ್ಟಳು. ತೀರಿಕೊಂಡ ಸುದ್ದಿಯನ್ನು ಭಾನುಪ್ರಕಾಶ್ ವಾಟ್ಸಾಪಿನಲ್ಲಿ ನೋಡಿದ. ಮಣ್ಣಿಗೆ ಹೋಗಲಿಲ್ಲ. ಮೂರನೆಯ ದಿನ ಬೈರಣ್ಣನೇ ಫೋನು ಮಾಡಿದ, ಈ ಸಲ ಎತ್ತದೆ ಇರಲಾಗಲಿಲ್ಲ.

“ಭಾನು, ತಿಥಿಗೆ ನಮ್ಮವ್ವಂದೊಂದು ಫೋಟೋ ಬೇಕಲ್ಲಪ್ಪ. ಮನೇಲಿ ಒಂದೂ ಸರ್ಯಾಗಿರೋದಿಲ್ಲ. ಧಾರೇಲಿ ತೆಗ್ದಿದ್ಯಲ್ಲ, ಅದ್ನೇ ದೊಡ್ಡದು ಮಾಡಿ ಫ್ರೇಮ್ ಹಾಕ್ಸಿ ತಂದ್ಕೊಡು.”

“ಆಯ್ತಣ್ಣ,” ಎಂದುಬಿಟ್ಟ ಭಾನುಪ್ರಕಾಶ್.

ಆಗಲೂ ಅವನು ದಾರಿ ಹುಡುಕಿದ. ಮುಹೂರ್ತದ ದಿನ ಇನ್‌ಸ್ಟಾಗ್ರಾಮಿಗೆ ಹಾಕಲೆಂದು ತನ್ನ ಫೋನಿನಲ್ಲಿ ಮಂಟಪದ ಒಂದು ಸಣ್ಣ ತುಣುಕು ತೆಗೆದಿದ್ದ. ಸಭೆಯ ಕೊನೆಯಿಂದ ತೆಗೆದದ್ದು. ಕಂಬದ ಹಿಂದಿನಿಂದ ಇಣುಕುತ್ತಿದ್ದ ಮಾರಕ್ಕನ ಮುಖ ಅದರಲ್ಲಿ ಕಡಲೆಕಾಳಿನಷ್ಟು ಕಾಣುತ್ತಿತ್ತು. ಅದನ್ನೇ ಕತ್ತರಿಸಿ, ಮಸುಕು ಚಿತ್ರವನ್ನು ಸ್ಪಷ್ಟ ಮಾಡಿಕೊಡುವ ಎಐ ಆ್ಯಪಿಗೆ ಹಾಕಿದ. ಕಣ್ಣು ಮಿಟುಕಿಸುವುದರೊಳಗೆ ಚಿತ್ರ ಬಂತು. ಬೆಳ್ಳಿ ಕೂದಲು, ಹಸಿರು ಸೀರೆ, ಹದವಾದ ಬೆಳಕು, ಹೊಳೆಯುವ ಎರಡು ಕಣ್ಣು. ಚಿಕ್ಕಪ್ಪನ ಕಾಲದಲ್ಲಿ ಇಂಥದ್ದನ್ನು ಯಾರೂ ಕನಸಿನಲ್ಲೂ ಕಾಣಲು ಸಾಧ್ಯವಿರಲಿಲ್ಲ.

“ಇದು ಬೇಡ ಗುರು,” ಎಂದ ವಿಜಯ್.

“ದುಃಖದಲ್ಲಿರೋರು, ಅಷ್ಟೊಂದು ನೋಡಲ್ಲ ಕಣೋ.”

ಅವರು ನೋಡಿದರು. ಬೈರಣ್ಣನ ಮನೆಯ ಪಡಸಾಲೆಯಲ್ಲಿ ಭಾನುಪ್ರಕಾಶ್ ಫ್ರೇಮಿನ ಮೇಲಿನ ಪೇಪರು ಬಿಚ್ಚಿದ. ಹೆಂಗಸರು ಒಳಗಿನಿಂದ ಬಂದು ಸುತ್ತ ನಿಂತರು. ಬೈರಣ್ಣ ಫ್ರೇಮನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದ.

“ಚೆನ್ನಾಗೈತೆ,” ಎಂದ. ಮತ್ತೆ ಗಾಜಿನ ಮೇಲೆ ಬೆರಳಾಡಿಸಿ, “ಯಾರಪ್ಪ ಇದು?” ಎಂದ.

ಧನುಶ್ರೀ ಅಪ್ಪನ ಹೆಗಲ ಮೇಲಿಂದ ಬಗ್ಗಿ ನೋಡಿದಳು. “ಅಜ್ಜಿ ಎಡಗಣ್ಣು ಹಿಂಗಿರ್ಲಿಲ್ಲ. ಕಿವೀನೂ ಹಿಂಗಿರ್ಲಿಲ್ಲ. ಇದು ನಮ್ಮಜ್ಜಿ ಅಲ್ವೇ ಅಲ್ಲ.” ತಲೆ ಎತ್ತಿ ಭಾನುಪ್ರಕಾಶನನ್ನು ನೋಡಿದಳು. “ಅಣ್ಣ, ಧಾರೆ ಫೋಟೋ ಎಲ್ಲಿ?”

ಆಗ ಅವನು ಹೇಳಿದ. ಕಾರ್ಡು ಹೋಗಿದ್ದು, ಮುಹೂರ್ತದ ಒಂದು ಫೋಟೋವೂ ಉಳಿಯದಿದ್ದದ್ದು, ಲ್ಯಾಬಿಗೆ ಕೊಟ್ಟಿದ್ದು, ಇಷ್ಟು ದಿನ ಸುಳ್ಳು ಹೇಳಿದ್ದು. ಬೈಯುತ್ತಾರೆ ಎಂದುಕೊಂಡಿದ್ದ, ಯಾರಾದರೂ ಕೈಯೆತ್ತಬಹುದು ಎಂದೂ ಅಂದುಕೊಂಡಿದ್ದ. ಸಿಂಧು ಮಾತ್ರ ಮೆಲ್ಲಗೆ ಹೇಳಿದಳು:

“ನಾನು ತೆಗೀತಿದ್ದೆ. ನೀವೇ ಹಿಂದಕ್ಕೋಗು ಅಂದ್ರಿ.”



ಬೈರಣ್ಣ ಫ್ರೇಮನ್ನು ಗೋಡೆಗೆ ಒರಗಿಸಿ, ಮುಖವನ್ನು ಗೋಡೆಯ ಕಡೆ ಮಾಡಿ ಇಟ್ಟ. “ಅವತ್ತೇ ಹೇಳಿದ್ರೆ ಆಗೋದಲ್ಲಪ್ಪ,” ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. “ಇನ್ನೊಂದ್ಸಲ ಆ ಸೀರೆ ಉಟ್ಕೊಂಡು, ಚೊಂಬು ಹಿಡ್ಕೊಂಡು ನಿಂತ್ಕೊಳ್ಳೋದು ನಮ್ಮವ್ವ. ಖುಷಿಯಾಗೇ ನಿಂತ್ಕೊಳ್ಳೋದು.”

“ತಪ್ಪಾಯ್ತಣ್ಣ.”

“ಹೆಂಗ್ ಬಂದಿತ್ತು ಆ ಫೋಟೋ? ನೀನೊಬ್ನೇ ನೋಡಿರೋದು. ಹೇಳು.”

ಭಾನುಪ್ರಕಾಶ್ ನೆನಪಿಸಿಕೊಳ್ಳಲು ನೋಡಿದ. ಕ್ಯಾಮೆರಾದ ಪುಟ್ಟ ಪರದೆ ನೆನಪಾಯಿತು. ಕಣ್ಣಿನ ಮೇಲೆ ಫೋಕಸ್ಸಿನ ಹಸಿರು ಚೌಕ ಕೂತದ್ದು ನೆನಪಾಯಿತು, ಹಿಂದಿನ ಸೀರಿಯಲ್ ಲೈಟು ಹದವಾಗಿ ಮಸುಕಾದದ್ದೂ ನೆನಪಾಯಿತು. ಮುಖ ಮಾತ್ರ ನೆನಪಾಗಲಿಲ್ಲ. ಫೋಟೋದಲ್ಲಿ ಉಳಿಯುತ್ತದೆ ಎಂಬ ಧೈರ್ಯದಲ್ಲಿ ಅವನು ಆವತ್ತು ಆ ಮುಖವನ್ನು ನೋಡಿಯೇ ಇರಲಿಲ್ಲ.

“ನಗ್ತಿದ್ರು ಅಣ್ಣ,” ಎಂದ.

“ಇಲ್ಲ,” ಎಂದ ಬೈರಣ್ಣ. “ಅಳ್ತಿತ್ತು. ನಾನು ಪಕ್ದಲ್ಲೇ ಇದ್ದೆ.”

ತಿಥಿಗೆ ವಿಜಯ್ ಒಬ್ಬನೇ ಹೋಗಿ ಬಂದ. ಫೋಟೋ ಇಟ್ಟಿರಲಿಲ್ಲವಂತೆ. ಮಣೆಯ ಮೇಲೆ ಆ ಹಸಿರು ರೇಷ್ಮೆ ಸೀರೆಯನ್ನು ಮಡಿಸಿಟ್ಟು, ಕಳಶ ಇಟ್ಟು, ಅದಕ್ಕೇ ಹೂವು ಏರಿಸಿದ್ದರಂತೆ. ಊಟಕ್ಕೆ ಕೂತಾಗ ಬೈರಣ್ಣ ಎದುರಿಗೇ ಬಂದರೂ ಭಾನು ಯಾಕೆ ಬರಲಿಲ್ಲ ಎಂದು ಕೇಳಲಿಲ್ಲವಂತೆ.

ಭಾನುಪ್ರಕಾಶ್ ಹಗುರದ ಕ್ಯಾಮೆರಾವನ್ನು ಮಾರಿ, ಎರಡು ಕಾರ್ಡಿನದನ್ನು ತಂದ. ಮದುವೆ ಮುಗಿದ ಕೂಡಲೇ, ಊಟಕ್ಕೂ ಮೊದಲು, ಎಲ್ಲವನ್ನೂ ಇನ್ನೊಂದು ಡಿಸ್ಕಿಗೆ ಹಾಕಿಕೊಳ್ಳತೊಡಗಿದ. ಫಲಕ ಇಡುವುದನ್ನು ಬಿಟ್ಟ. ಈಗ ತಾಳಿ ಕಟ್ಟುವಾಗ ಎಷ್ಟು ಫೋನುಗಳು ಅಡ್ಡ ಬಂದರೂ ಏನೂ ಅನ್ನುವುದಿಲ್ಲ, ಸಂದಿ ಸಿಕ್ಕಲ್ಲಿ ತೆಗೆಯುತ್ತಾನೆ. ಫೋಟೋಗಳು ಮೊದಲಿನಷ್ಟು ಚೆನ್ನಾಗಿ ಬರುತ್ತಿಲ್ಲ ಎಂದು ಒಬ್ಬಿಬ್ಬರು ಗಿರಾಕಿಗಳು ಹೇಳಿದ್ದೂ ಉಂಟು.

ದಸರಾ ಕಳೆದ ಮೇಲೆ ಒಂದು ಮಧ್ಯಾಹ್ನ ಧನುಶ್ರೀ ಸ್ಟುಡಿಯೋಗೆ ಬಂದಳು. ಆರತಕ್ಷತೆಯ ಫೋಟೋಗಳಾದರೂ ಇರಲಿ ಎಂದು ಅವಳ ಅತ್ತೆ ಹೇಳಿದ್ದರಂತೆ. ಭಾನುಪ್ರಕಾಶ್ ಆಲ್ಬಮ್ ಮಾಡಿಟ್ಟಿದ್ದ. ಅವಳು ನಿಂತಲ್ಲೇ ನಾಲ್ಕು ಪುಟ ತಿರುವಿ ಮುಚ್ಚಿದಳು. ಚೀಲದಲ್ಲಿ ಇಟ್ಟುಕೊಂಡು, ಹೊರಡುವ ಮುನ್ನ ನೀಲಿ ಪರದೆಯ ಕಡೆ ನೋಡಿದಳು.

“ಆಸ್ಪತ್ರೆಗೆ ಬಂದಿದ್ದಾಗ ಅಜ್ಜಿ ಇಲ್ಲಿ ಬಂದು ಕೂತಿದ್ರಂತಲ್ಲ. ಅಪ್ಪ ಹೇಳ್ತಿದ್ರು.”

“ಹೌದಮ್ಮ.”

“ಅವತ್ತು ಒಂದು ತೆಗೀಬಹುದಿತ್ತಲ್ವಾ ಅಣ್ಣ?”

ಅಜ್ಜಿಯೇ ಬೇಡ ಎಂದದ್ದು ಅವನ ನಾಲಿಗೆಯ ತುದಿಗೆ ಬಂತು. ಅದು ಸುಳ್ಳಲ್ಲ. ಆದರೂ ಹೇಳಲು ಮನಸ್ಸಾಗಲಿಲ್ಲ.

“ತೆಗೀಬಹುದಿತ್ತು,” ಎಂದ.

ಅವಳು ತಲೆಯಾಡಿಸಿ, ಚಪ್ಪಲಿ ಮೆಟ್ಟಿಕೊಂಡು, ದಾಬಸ್‌ಪೇಟೆಯ ಬಸ್ಸು ಹಿಡಿಯಲು ಹೋದಳು.